ಮಲ್ಪೆಯ ಮಳೆ ಮತ್ತು ಅತ್ತೆಯ ಬಕೆಟ್

ಉಡುಪಿ ಹತ್ತಿರದ ಮಲ್ಪೆಗೆ ಹೋಗೋಣ ಅಂತ ಮೇ ತಿಂಗಳಲ್ಲೇ ಮಾತಾಗಿತ್ತು. ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಪ್ರವಾಸ ಜುಲೈನ ಎರಡನೇ ಶನಿವಾರಕ್ಕೆ ಹೋಯಿತು, ಹಿಂದಿನ ಶುಕ್ರವಾರ ಒಂದು ರಜೆ ಹಾಕಿದರೆ ಮೂರು ದಿನ. "ಮಳೆಗಾಲದಲ್ಲಿ ಕಡಲಿಗೆ ಯಾರಾದ್ರೂ ಹೋಗ್ತಾರಾ?" ಅಂತ ಓಣಿಯವರೆಲ್ಲ ಕೇಳಿದರು. ನಮ್ಮದು ಚಳ್ಳಕೆರೆ. ಇಲ್ಲಿ ವರ್ಷಕ್ಕೆ 500 ಮಿ.ಮೀ. ಬಂದರೆ ಒಳ್ಳೆಯ ವರ್ಷ. ಮಳೆ ಬರುತ್ತದೆ ಅನ್ನುವ ಕಾರಣಕ್ಕೆ ಪ್ರವಾಸ ಬಿಡುವ ಅಭ್ಯಾಸವೇ ನಮಗಿಲ್ಲ. ಜೊತೆಗೆ ರೂಮಿನ ಬಾಡಿಗೆ ಅರ್ಧಕ್ಕಿಳಿದಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ತೀರ್ಥಹಳ್ಳಿ ದಾಟುತ್ತಲೇ ವೈಪರ್ ನಿಲ್ಲಿಸುವ ಮಾತೇ ಇರಲಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಮ್ಮವರು ಒಂದು ಮಾತೂ ಆಡಲಿಲ್ಲ. ಎದುರಿಗೆ ಮಂಜು, ಪಕ್ಕದಲ್ಲಿ ಬಂಡೆಯಿಂದ ರಸ್ತೆಗೇ ಬೀಳುವ ನೀರು. ಹಿಂದಿನ ಸೀಟಿನಲ್ಲಿ ಮಗ ವಾಂತಿ ಮಾಡಿಕೊಂಡ. ಘಾಟಿಯ ಬಗ್ಗೆ ಇಷ್ಟು ಸಾಕು.

ನಾವು ಉಳಿದದ್ದು ಬೀಚಿನಿಂದ ಸ್ವಲ್ಪ ಒಳಗೆ, ತೆಂಗಿನ ತೋಟದ ನಡುವಿನ ಹೆಂಚಿನ ಮನೆ. ಆ ಮನೆ ನೋಡಿಕೊಳ್ಳುವ ಅಕ್ಕನ ಮಗಳು ಶುಕ್ರವಾರವೇ ಮನೆಯಲ್ಲಿದ್ದಳು. ಮಳೆ ಜಾಸ್ತಿ ಅಂತ ಶಾಲೆಗೆ ರಜೆ ಕೊಟ್ಟಿದ್ದರಂತೆ. ನನ್ನ ಮಗಳಿಗೆ ನಂಬಿಕೆಯೇ ಬರಲಿಲ್ಲ. "ಮಳೆಗೂ ರಜೆ ಕೊಡ್ತಾರಾ!" ಅಂತ ಹೊಟ್ಟೆಕಿಚ್ಚು ಪಟ್ಟಳು.

ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಬೀಚಿಗೆ ಹೋದೆವು. ಜನ ಇಳಿಯದಂತೆ ದಡದ ಉದ್ದಕ್ಕೂ ಬಲೆ ಕಟ್ಟಿದ್ದರು, ಅಲ್ಲಲ್ಲಿ ಕೆಂಪು ಬಾವುಟ. ಬಲೆಯ ಆಚೆ ಕಡಲು ನೀಲಿಯಲ್ಲ, ಕದಡಿದ ಕೆರೆಯ ಬಣ್ಣ. ಒಂದೊಂದು ಅಲೆಗೂ ಮೈ ನಡುಗುವಷ್ಟು ಸದ್ದು. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲ, ಮಳೆಗಾಲ ಮುಗಿಯುವವರೆಗೂ ಇರುವುದಿಲ್ಲ. ಕಂಬ ನಿಲ್ಲಿಸಿದಂತಿರುವ ಅಲ್ಲಿನ ಕಲ್ಲುಗಳ ಫೋಟೋ ತೋರಿಸಿಯೇ ಮಕ್ಕಳನ್ನು ಹೊರಡಿಸಿದ್ದೆವು, ಹಾಗಾಗಿ ಮುಖ ಊದಿಸಿಕೊಂಡವು. ತಪ್ಪು ನಮ್ಮದೇ, ಒಂದು ಫೋನ್ ಮಾಡಿ ಕೇಳಬಹುದಿತ್ತು. ಬಂದರಿನಲ್ಲಂತೂ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಮೀನು ಮರಿ ಮಾಡುವ ಕಾಲ ಅಂತ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟು ಕಡಲಿಗಿಳಿಯುವಂತಿಲ್ಲ. "ಎತ್ತುಗಳನ್ನ ಕೊಟ್ಟಿಗೇಲಿ ಕಟ್ಟಿದಂಗೈತೆ" ಅಂದರು ಅತ್ತೆ.

ಹತ್ತು ನಿಮಿಷ ನಿಂತಿದ್ದೆವೇನೋ. ಗಾಳಿಗೆ ಕೊಡೆ ತಿರುಗಿ ಕಡ್ಡಿ ಮುರಿಯಿತು. ಐದೂ ಜನ ಒದ್ದೆ ಮುದ್ದೆಯಾಗಿ ಮನೆಗೆ ಬಂದೆವು. ಕರೆಂಟೂ ಹೋಗಿತ್ತು.

ಅಲ್ಲಿಂದ ಭಾನುವಾರದವರೆಗೆ ನಾವು ಇದ್ದದ್ದು ಜಗಲಿಯಲ್ಲೇ. ಮಕ್ಕಳು ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಹುಣಸೆ ಬೀಜ ಹಾಕಿ ಕೂತರು. ನಮ್ಮವರು ನಿದ್ದೆ ಹೋದರು. ಅತ್ತೆ ಮಾತ್ರ ಕಂಬಕ್ಕೊರಗಿ ಸೂರನ್ನೇ ನೋಡುತ್ತಿದ್ದರು. ಪ್ರತಿ ಹೆಂಚಿನ ಸಾಲಿನಿಂದಲೂ ಹೆಬ್ಬೆರಳು ದಪ್ಪದ ನೀರು, ಅಂಗಳಕ್ಕೆ ಬಿದ್ದು, ಕಣಿಯಲ್ಲಿ ಹರಿದು, ಗೇಟಿನಾಚೆ ಹೋಗುತ್ತಿತ್ತು.

"ಅಲ್ಲ ಕಣೇ, ಇಷ್ಟೊಂದು ನೀರು ಸುಮ್ನೆ ಹೋಗ್ತೈತಲ್ಲೇ."

ನಾನು ನಕ್ಕು ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಬಚ್ಚಲ ಕಡೆಯಿಂದ ಬಕೆಟ್ ಎಳೆದ ಸದ್ದಾಯಿತು. ಅತ್ತೆ ಅದನ್ನು ಸೂರಿನ ಕೆಳಗಿಟ್ಟರು. ಎಣಿಸುವಷ್ಟರಲ್ಲಿ ತುಂಬಿತು. ಇನ್ನೊಂದು ತಂದರು. ಆಮೇಲೆ ಚೊಂಬು, ಪಾತ್ರೆ, ಮಗನ ಆಟದ ಬಕೆಟ್ಟು. ಅಡುಗೆಮನೆಯಿಂದ ಬಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು.

"ಎಂತ ಅಮ್ಮ, ನೀರು ಹಿಡಿಯುವುದಾ? ಬಾವಿ ತುಂಬಿ ಕೈಗೇ ಸಿಗ್ತದೆ ಮಾರಾಯ್ರೆ!"

ನಾಚಿಕೆಯಾಗಿದ್ದು ನನಗೆ. ಅತ್ತೆಗೆ ಏನೂ ಆಗಲಿಲ್ಲ. "ನಮ್ಮೂರಾಗೆ ಸಾವಿರ ಅಡಿ ಕೊರೆದ್ರೂ ಧೂಳೇ ಬರ್ತೈತಮ್ಮ" ಅಂದರು. ಅಕ್ಕ ನಗು ನಿಲ್ಲಿಸಿ ಪಕ್ಕದಲ್ಲೇ ಕೂತರು. ಆಗ ಹೇಳಿದ್ದು ನಾನು ಕೇಳಿರದ ವಿಷಯ. "ನಮ್ಗೂ ಮೇ ತಿಂಗಳಲ್ಲಿ ಕಷ್ಟವೇ. ಕಡಲು ಹತ್ತಿರ ಅಲ್ವಾ, ಬಾವಿ ನೀರು ಉಪ್ಪಾಗ್ತದೆ. ಈ ಸಲ ಟ್ಯಾಂಕರ್ ತರಿಸಿದ್ದೇವೆ."

ವರ್ಷಕ್ಕೆ 4,000 ಮಿ.ಮೀ. ದಾಟುವ ಜಿಲ್ಲೆಯಲ್ಲಿ ಟ್ಯಾಂಕರ್! ಅಷ್ಟೂ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಓಡಿ ಕಡಲು ಸೇರಿಬಿಡುತ್ತದೆ. ಅತ್ತೆ ನನ್ನ ಕಡೆ ತಿರುಗಿ, "ನಾನೇನು ಹೇಳ್ದೆ?" ಅನ್ನುವ ಹಾಗೆ ನೋಡಿದರು.

ಅವತ್ತು ಸಂಜೆ ಇಬ್ಬರೂ ಸೇರಿ ಪತ್ರೊಡೆ ಮಾಡಿದರು. ಕೆಸುವಿನ ಎಲೆಯನ್ನು ತುಂಬಿಸಿಟ್ಟ ಮಳೆನೀರಲ್ಲೇ ತೊಳೆದದ್ದು. ಅಕ್ಕ ಅಕ್ಕಿ ಹಿಟ್ಟಿಗೆ ಹಾಕಿದ ಹುಣಸೆಹುಳಿ ನೋಡಿ ಅತ್ತೆ "ಜಾಸ್ತಿ ಆಯ್ತೇನೋ" ಅಂದರು. "ಹುಳಿ ಕಮ್ಮಿಯಾದ್ರೆ ಗಂಟಲು ತುರಿಸ್ತದೆ ಅಮ್ಮ" ಅಂತ ಉತ್ತರ ಬಂತು. ಎಲೆಗೆ ಹಿಟ್ಟು ಸವರಿ, ಮೇಲೆ ಇನ್ನೊಂದೆಲೆ ಇಟ್ಟು, ಮತ್ತೆ ಸವರಿ, ಸುರುಳಿ ಸುತ್ತಿ ಹಬೆಗಿಟ್ಟರು. ಮೇಣದಬತ್ತಿ ಬೆಳಕಲ್ಲಿ ತೆಂಗಿನೆಣ್ಣೆ ಹಾಕಿಕೊಂಡು ತಿಂದೆವು. ಬೋಟಿಗಾಗಿ ಮುನಿಸಿಕೊಂಡಿದ್ದ ಮಗ ಮೂರು ಸಲ ಹಾಕಿಸಿಕೊಂಡ.

ಒದ್ದೆ ಬಟ್ಟೆಗಳನ್ನು ಬಚ್ಚಲ ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೆವು. ಒಣಗಲಂತೂ ಇಲ್ಲ, ಹೊಗೆ ವಾಸನೆ ಮಾತ್ರ ಚೆನ್ನಾಗಿ ಹತ್ತಿತು.

ಭಾನುವಾರ ವಾಪಸ್. ಶಿವಮೊಗ್ಗ ದಾಟಿದ ಮೇಲೆ ಮಳೆ ತೆಳುವಾಯಿತು. ಹೊಳಲ್ಕೆರೆ ಹತ್ತಿರ ರಸ್ತೆ ಪೂರಾ ಒಣಗಿತ್ತು, ವೈಪರ್ ಕಿರ್ರ್ ಅಂದಾಗಲೇ ನಮ್ಮವರು ನಿಲ್ಲಿಸಿದ್ದು. ಮನೆ ತಲುಪುವಾಗ ರಾತ್ರಿ ಒಂಬತ್ತು. ಓಣಿಯಲ್ಲಿ ಕೊಡಗಳು ಸಾಲಾಗಿ ಕೂತಿದ್ದವು, ಅವತ್ತು ನಲ್ಲಿ ಬಿಡುವ ದಿನ. ಹೊಗೆ ವಾಸನೆಯ ಬಟ್ಟೆ ಚೀಲವನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಅತ್ತೆ ಸೀದಾ ಕೊಡ ತೊಳೆಯಲು ಹೋದರು.