ಕೈಗಾ ಘಟ್ಟದಾಚೆ, ಕೆಸುವಿನ ಬುಡದಲ್ಲಿ

ಕಾರವಾರದಿಂದ ಕೈಗಾ ಮೇಲೆ ಯಲ್ಲಾಪುರಕ್ಕೆ ಹೊರಟದ್ದು ಪತಂಗದ ಮರಿಹುಳುಗಳಿಗಾಗಿಯೇ. ಈ ಜಿಲ್ಲೆಗೆ ಆ ಹುಚ್ಚು ಹಳೆಯದು. ಇಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಹುಳುಗಳನ್ನು ಸಾಕಿ ನೋಡಿದವರು, ಎಫ್. ಬಿ. ಸ್ಕಾಟ್ ಜೊತೆಗೂಡಿ ಅವರು ಬರೆದ, ಹಾಕ್ ಮಾತ್ ಎಂಬ ಪತಂಗಗಳ ಕುರಿತ ಸಂಪುಟ ಬಂದದ್ದು 1937ರಲ್ಲಿ.

ಮೊದಲೆರಡು ದಿನ ಮಳೆಗೇ ಹೋದವು. ಮಾಗೋಡು, ಸಾತೊಡ್ಡಿ ಜಲಪಾತಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ.

ಘಟ್ಟದಲ್ಲಿ ಆದ ಒಂದು ಎಡವಟ್ಟು ಮಾತ್ರ ಇನ್ನೂ ಚುಚ್ಚುತ್ತಿದೆ. ರೋಮವಿಲ್ಲದ ಒಂದು ಹಸಿರು ಹುಳು, ಒಂಬತ್ತು ಫೋಟೊ, ಒಂಬತ್ತೂ ಬೆನ್ನಿನದ್ದೇ! ಕಾಲು ಕಾಣದಿದ್ದರೆ ಅದು ಪತಂಗದ ಹುಳುವೋ ಅಲ್ಲವೋ ಎಂಬುದೇ ತೀರ್ಮಾನವಾಗದು. ಎದೆಯ ಮೂರು ಜೊತೆ ನಿಜಗಾಲುಗಳ ಹಿಂದೆ, ಹೊಟ್ಟೆಯ ಕೆಳಗೆ ಹುಸಿಗಾಲುಗಳಿರುತ್ತವೆ. ಪತಂಗ, ಚಿಟ್ಟೆಗಳ ಹುಳುಗಳಲ್ಲಿ ಅವು ಹೆಚ್ಚೆಂದರೆ ಐದು ಜೊತೆ. ಆರೋ ಅದಕ್ಕಿಂತ ಹೆಚ್ಚೋ ಇದ್ದರೆ ಅದು ಕಣಜದ ನೆಂಟ ಗರಗಸನೊಣದ ಮರಿ. ಗೇಣು ಹಾಕುತ್ತ ನಡೆಯುವ ಹುಳುಗಳಿಗೆ ಸಾಮಾನ್ಯವಾಗಿ ಎರಡೇ ಜೊತೆ, ಅದೂ ಹಿಂತುದಿಯಲ್ಲಿ. ಹಾಗಾಗಿ ಪಕ್ಕದಿಂದ ಒಂದು, ತಲೆಯ ಎದುರಿನಿಂದ ಒಂದು, ಬಾಲದ ಕಡೆಯಿಂದ ಒಂದು, ಕೊನೆಗೆ ಗಿಡದ್ದು ಒಂದು ಫೋಟೊ ಬೇಕೇ ಬೇಕು. ಗಿಡದ ಗುರುತಿಲ್ಲದಿದ್ದರೆ ಅರ್ಧ ಕೆಲಸ ಹಾಳು. ಮುಳ್ಳು, ರೋಮ ಇದ್ದವನ್ನು ಮುಟ್ಟಬೇಡಿ. ಚುಚ್ಚಿದರೆ ಉಜ್ಜದೆ, ಸೆಲ್ಲೋಟೇಪ್ ಅಂಟಿಸಿ ಕೀಳಿ.

ಮೂರನೆಯ ದಿನ ಒಂದು ಅಡಿಕೆ ತೋಟದ ಮನೆ. ಅಲ್ಲಿನ ಅಮ್ಮ ಪತ್ರೊಡೆಗೆ ಕೆಸುವಿನೆಲೆ ಕೊಯ್ಯುತ್ತಿದ್ದರು. ಎಲೆಯೆಲೆ ಮಗುಚಿ ಹುಡುಕುವುದನ್ನು ಕಂಡು ನಕ್ಕರು.

"ಎಲೆ ಎಂತಕ್ಕೆ ನೋಡ್ತ್ರಿ? ಮೊದ್ಲು ಬುಡ ನೋಡಿ. ಹಿಕ್ಕೆ ಹಸಿ ಇದ್ರೆ ಹುಳ ಮೇಲೇ ಇದ್ದು."

"ಮಳೆಗೆ ತೊಳೆದು ಹೋಗಲ್ವಾ ಅಮ್ಮಾ?"

"ಕೆಳಗಿನ ಎಲೆ ಬಟ್ಟಲಿದ್ದ ಹಾಗೆ. ಅದ್ರೊಳಗೆ ನೋಡಿ."

ಬಟ್ಟಲಲ್ಲಿ ಮೆಣಸಿನಕಾಳಿಗಿಂತ ತುಸು ಸಣ್ಣ, ಉದ್ದುದ್ದ ಗೀರುಗಳಿದ್ದ, ಪೀಪಾಯಿಯಂಥ ಹಸಿ ಹಿಕ್ಕೆಗಳು. ನೇರ ಮೇಲಿನ ಎಲೆಯಡಿಯಲ್ಲಿ ಮಖಮಲ್ಲಿನಂಥ ಕಪ್ಪು ಹುಳು. ಪಕ್ಕದುದ್ದಕ್ಕೂ ಕಣ್ಣಿನಂಥ ಚುಕ್ಕೆಗಳ ಸಾಲು, ಹಿಂದೆ ಬಿಳಿ ತುದಿಯ ತೆಳು ಕೊಂಬು. ನಡೆದಾಗಲೆಲ್ಲ ಕೊಂಬು ಹಿಂದೆ ಮುಂದೆ ತೂಗುತ್ತಿತ್ತು: ಹಾಕ್ ಮಾತ್ ಪೈಕಿಯ ಥೆರೆಟ್ರಾ ಓಲ್ಡೆನ್‌ಲ್ಯಾಂಡಿಯೆ. ಕೆಸುವನ್ನೂ ತಿನ್ನುವ ಇನ್ನೊಂದು ಹಾಕ್ ಮಾತ್, ಹಿಪ್ಪೋಟಿಯಾನ್ ಸೆಲೆರಿಯೊದ ಹುಳುವಿಗೆ ಹೀಗೆ ಚುಕ್ಕೆಗಳ ಸಾಲಿಲ್ಲ; ಎದೆಯ ಹಿಂದೆ ಒಂದು ಜೊತೆ ದೊಡ್ಡ ಕಣ್ಣು, ಅದರ ಹಿಂದೆ ಇನ್ನೊಂದು ಜೊತೆ ಸಣ್ಣದು. ಬಣ್ಣ ನಂಬಿದರೆ ಕೆಟ್ಟಿರಿ, ಅದರಲ್ಲಿ ಹಸಿರೂ ಉಂಟು, ಕಂದೂ ಉಂಟು. ಕೊಂಬೇ ಇಲ್ಲದೆ, ಎಳೆಯವು ಗುಂಪಾಗಿ ಎಲೆಯನ್ನು ಜರಡಿ ಮಾಡಿದ್ದರೆ ಅದು ತಂಬಾಕಿನ ಹುಳು, ಸ್ಪೊಡಾಪ್ಟೆರಾ.

"ಇದು ಕೋಶ ಆಗೂದು ಎಲ್ಲಿ?" ಅಮ್ಮ ಕೇಳಿದರು.

ನೆಲದಲ್ಲಿ, ದರಕಿನ ನಡುವೆ ಎಂದಾಗ ಕತ್ತಿಯ ತುದಿಯಿಂದ ಬುಡದ ದರಕನ್ನು ಸರಿಸಿ ನೋಡಿ, ಮತ್ತೆ ಹಾಗೇ ಮುಚ್ಚಿದರು. ಹುಳುವಿದ್ದ ಎಲೆ ಬಿಟ್ಟು ಉಳಿದವು ಬುಟ್ಟಿಗೆ ಹೋದವು.