‘ಅಲ್ಲಾ, ಆ ತಂಡವೇ ಈಗ ಇಲ್ಲವಂತಲ್ಲ?’

ಮೊದಲೇ ಹೇಳಿಬಿಡುತ್ತೇನೆ: ಇದು ನಮ್ಮ ಕೊಡಗಿನವರು ಆಡುವ ಹಾಕಿಯಲ್ಲ. ಮಂಜುಗಡ್ಡೆಯ ಮೇಲೆ ಆಡುವುದು. ಹೀಗೆಂದ ಕೂಡಲೇ ಅರ್ಧದಷ್ಟು ಜನ ಎದ್ದುಹೋಗುತ್ತಾರೆ; ಹೋಗಲಿ. ಉಳಿದವರು ಕೇಳುವ ಒಂದೇ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಬರೆದಿಟ್ಟರೆ ಮುಂದಿನ ಸಲ ಇದರ ಕೊಂಡಿ ಕಳಿಸಿ ಸುಮ್ಮನೆ ಕಾಫಿ ಕುಡಿಯಬಹುದು.

ವಿಷಯ ಇಷ್ಟು. ನಾನಿರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ. ನನ್ನ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್. ನಮ್ಮ ವೈರಿ ಕ್ವಿಬೆಕ್ ನಗರದ ನಾರ್ಡೀಕ್ಸ್. ಆ ವೈರಿ 1995ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಮೆರಿಕದ ಡೆನ್ವರ್‌ಗೆ ಹೋಗಿ ಕೊಲರಾಡೊ ಅವಲಾಂಚ್ ಎಂದು ಹೆಸರು ಬದಲಿಸಿಕೊಂಡಿತು. ನಾನು ಇಲ್ಲಿಗೆ ಬಂದದ್ದು 1999ರಲ್ಲಿ. ಲೆಕ್ಕ ಹಾಕುವ ಶ್ರಮ ನಿಮಗೆ ಬೇಡ: ನಾರ್ಡೀಕ್ಸ್ ಆಡುವುದನ್ನು ನಾನು ಒಂದು ದಿನವೂ ಕಣ್ಣಾರೆ ನೋಡಿಲ್ಲ.

ಆದ್ದರಿಂದ ಪ್ರಶ್ನೆ: ‘ಅಲ್ಲಾ, ಆ ತಂಡವೇ ಈಗ ಇಲ್ಲವಂತಲ್ಲ, ಮತ್ತೆ ಯಾರ ಮೇಲೆ ನಿಮ್ಮ ಸಿಟ್ಟು?’

ಪ್ರಶ್ನೆಗಿಂತ ಆ ‘ಅಲ್ಲಾ’ ನನ್ನನ್ನು ಕೆಣಕುತ್ತದೆ. ಕನ್ನಡದಲ್ಲಿ ‘ಅಲ್ಲಾ’ ಎಂದು ಶುರುವಾದ ಪ್ರಶ್ನೆಗೆ ಉತ್ತರ ಬೇಕಿರುವುದಿಲ್ಲ. ತೀರ್ಪು ಆಗಲೇ ಆಗಿರುತ್ತದೆ, ಆರೋಪಿ ಸಹಿ ಹಾಕುವುದಷ್ಟೇ ಬಾಕಿ. ‘ಅಲ್ಲಾ, ಇನ್ನೂ ಮನೆ ಕಟ್ಟಿಸಿಲ್ಲವೇ?’ ‘ಅಲ್ಲಾ, ಮಗಳಿಗೆ ಕನ್ನಡ ಓದಲು ಬರುವುದಿಲ್ಲವೇ?’ ಇದೂ ಅದೇ ಜಾತಿಯದು. ದಾವಣಗೆರೆಯಿಂದ ಫೋನ್ ಮಾಡುವ ನನ್ನ ಭಾವ ಅದರ ಬಾಲಕ್ಕೊಂದು ಗಾದೆಯನ್ನೂ ಕಟ್ಟುತ್ತಾರೆ: ‘ಸತ್ತ ಎಮ್ಮೆಗೆ ಹಾಲು ಹೆಚ್ಚು ಕಣಯ್ಯಾ.’ ಭಾವನವರೇ, ಈ ಎಮ್ಮೆ ಬದುಕಿದ್ದಾಗ ಒದ್ದ ಒದೆಗಳ ಲೆಕ್ಕ ಮೊದಲು ಕೇಳಿ.

ಎರಡೂ ಊರುಗಳು ಒಂದೇ ಪ್ರಾಂತ್ಯದವು, ಒಂದೇ ಸೇಂಟ್ ಲಾರೆನ್ಸ್ ನದಿಯ ದಡದವು, ನಡುವೆ ಸುಮಾರು 250 ಕಿಲೋಮೀಟರ್. ಪ್ರಾಂತ್ಯದ ಹೆಸರೂ ಕ್ವಿಬೆಕ್, ನಗರದ ಹೆಸರೂ ಕ್ವಿಬೆಕ್. ಹಿಂದೆ ಮೈಸೂರು ರಾಜ್ಯದಲ್ಲಿ ಮೈಸೂರು ನಗರ ಇದ್ದ ಹಾಗೆ. ಎರಡೂ ಕಡೆ ಹೆಚ್ಚಿನವರ ಮಾತು ಫ್ರೆಂಚ್. ‘ಇಂಗ್ಲಿಷ್–ಫ್ರೆಂಚ್ ಜಗಳವಲ್ಲವೇ ಅದು’ ಎಂದು ತಿಳಿದವರಂತೆ ತಲೆದೂಗುವವರಿಗೆ ಹೇಳುತ್ತೇನೆ: ಅಲ್ಲ. ಅದು ದಾಯಾದಿ ಜಗಳ. ಪರಭಾಷೆಯವನೊಡನೆ ಆಡುವ ಜಗಳಕ್ಕೆ ಎಲ್ಲೋ ಒಂದು ಕಡೆ ಮಿತಿ ಇರುತ್ತದೆ. ಒಂದೇ ಅಂಗಳದವರಿಗೆ ಇರುವುದಿಲ್ಲ.

ಅಂಗಳದ ಪಾಲು ಮೊದಲಿನಿಂದಲೂ ಸಮನಾಗಿರಲಿಲ್ಲ. ಕೆನೇಡಿಯನ್ಸ್ ಹುಟ್ಟಿದ್ದು 1909ರಲ್ಲಿ. ಈ ಆಟದ ಅತಿ ದೊಡ್ಡ ಬಹುಮಾನವಾದ ಸ್ಟಾನ್ಲಿ ಕಪ್ ಗೆದ್ದದ್ದು 24 ಸಲ. ಕ್ವಿಬೆಕ್ ನಗರಕ್ಕೂ ಬುಲ್‌ಡಾಗ್ಸ್ ಎಂಬ ತಂಡವಿತ್ತು, 1912 ಮತ್ತು 1913ರಲ್ಲಿ ಕಪ್ಪನ್ನೂ ಗೆದ್ದಿತ್ತು. 1920ರಲ್ಲಿ ಅದನ್ನು ಹ್ಯಾಮಿಲ್ಟನ್‌ಗೆ ಸಾಗಿಸಿದರು. ಆಮೇಲೆ ಆ ಊರಿಗೆ ಉಳಿದದ್ದು ಹುಡುಗರನ್ನು ಬೆಳೆಸಿ ಮಾಂಟ್ರಿಯಲ್‌ಗೆ ಕೊಡುವ ಕೆಲಸ. ಜಾನ್ ಬೆಲಿವೊ ಎಂಬ ಅದ್ಭುತ ಆಟಗಾರ ಕ್ವಿಬೆಕ್ ನಗರ ಬಿಟ್ಟು ಬರಲು ಒಪ್ಪದಿದ್ದಾಗ, 1953ರಲ್ಲಿ ನಮ್ಮವರು ಅವನು ಆಡುತ್ತಿದ್ದ ಲೀಗನ್ನೇ ಇಡಿಯಾಗಿ ಖರೀದಿಸಿದರು. ಹಸು ಬರಲೊಲ್ಲದು ಎಂದು ಕೊಟ್ಟಿಗೆಯನ್ನೇ ಕೊಂಡಂತೆ. ಗೀ ಲಾಫ್ಲೂರ್ 1970–71ರಲ್ಲಿ ಕ್ವಿಬೆಕ್ ನಗರದ ಕಿರಿಯರ ತಂಡಕ್ಕೆ ಒಂದೇ ಋತುವಿನಲ್ಲಿ 130 ಗೋಲು ಹೊಡೆದ. ಮರುವರ್ಷ ಅವನೂ ನಮ್ಮವನು. ಇದನ್ನೆಲ್ಲ ಬರೆಯುವಾಗ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಸ್ವಲ್ಪ ಮಾತ್ರ.

ನಾರ್ಡೀಕ್ಸ್ ಶುರುವಾದದ್ದು 1972ರಲ್ಲಿ, ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಪೈಪೋಟಿ ಲೀಗಿನಲ್ಲಿ. ಆ ಲೀಗು ಏದುಸಿರು ಬಿಡತೊಡಗಿದಾಗ, ಅದರ ನಾಲ್ಕು ತಂಡಗಳನ್ನು ದೊಡ್ಡ ಲೀಗಾದ ನ್ಯಾಷನಲ್ ಹಾಕಿ ಲೀಗಿಗೆ ಸೇರಿಸಿಕೊಳ್ಳಬೇಕೇ ಎಂದು 1979ರ ಮಾರ್ಚ್‌ನಲ್ಲಿ ಮತಕ್ಕೆ ಹಾಕಿದರು. 13 ಮತ ಬೇಕಿತ್ತು, ಬಿದ್ದದ್ದು 12. ಬೇಡವೆಂದ ಐದು ತಂಡಗಳಲ್ಲಿ ನಮ್ಮದೂ ಒಂದು. ಕೆನೇಡಿಯನ್ಸ್ ಆಗ ಮೋಲ್ಸನ್ ಬಿಯರ್ ಕಂಪನಿಯ ಸ್ವತ್ತು. ಕ್ವಿಬೆಕ್ ನಗರದ ಜನ ಮನವಿಪತ್ರ ಬರೆಯುತ್ತ ಕೂರಲಿಲ್ಲ. ಮೋಲ್ಸನ್ ಬಿಯರ್ ಕುಡಿಯುವುದನ್ನೇ ಬಿಟ್ಟರು. ಬಾಗಿಲಾಚೆ ನಿಂತಿದ್ದ ಎಡ್ಮಂಟನ್, ವಿನಿಪೆಗ್ ಊರುಗಳಲ್ಲೂ ಹಾಗೆಯೇ ಆಯಿತು. ಎರಡೇ ವಾರಗಳಲ್ಲಿ ಮತ್ತೆ ಮತದಾನ. ಈ ಸಲ ಮಾಂಟ್ರಿಯಲ್‌ಗೆ ಜ್ಞಾನೋದಯವಾಗಿತ್ತು. 14–3ರಲ್ಲಿ ನಾಲ್ಕೂ ತಂಡಗಳು ಒಳಗೆ ಬಂದವು. ನಾರ್ಡೀಕ್ಸ್‌ನ ಒಡೆತನವೂ ಕಾರ್ಲಿಂಗ್ ಓಕೀಫ್ ಎಂಬ ಇನ್ನೊಂದು ಬಿಯರ್ ಕಂಪನಿಯದೇ ಆಗಿದ್ದರಿಂದ, ಅಂಗಡಿಯಲ್ಲಿ ಬಾಟಲಿ ಕೇಳಿದರೂ ಸಾಕು, ಯಾವ ಪಕ್ಷದವನು ಎಂಬುದು ಗೊತ್ತಾಗುತ್ತಿತ್ತು. ಬೇಡವೆಂದು ಬಾಗಿಲು ಹಾಕಿದ ಮನೆಗೆ ಸೊಸೆಯಾಗಿ ಬಂದವಳು ಹೇಗಿರುತ್ತಾಳೋ, ನಾರ್ಡೀಕ್ಸ್ ಹಾಗೆಯೇ ಇತ್ತು.

ಮರುವರ್ಷ, 1980ರ ಮೇ ತಿಂಗಳಲ್ಲಿ, ಕ್ವಿಬೆಕ್ ಪ್ರಾಂತ್ಯ ಕೆನಡಾದಿಂದ ಬೇರೆಯಾಗುವ ಹಾದಿ ಹಿಡಿಯಬೇಕೇ ಎಂಬ ಜನಮತಗಣನೆ ನಡೆಯಿತು. ಸುಮಾರು ಶೇಕಡಾ 60ರಷ್ಟು ಮತ ಬೇಡವೆಂದಿತು. ನಾರ್ಡೀಕ್ಸ್ ಅಂಗಿಯ ಮೇಲೆ ಪ್ರಾಂತ್ಯದ ಬಾವುಟದ ನೀಲಿ, ಬಾವುಟದ ಲಿಲಿ ಹೂವು. ಕೆನೇಡಿಯನ್ಸ್‌ಗೆ ಹಳೆಯ ದುಡ್ಡಿನ, ಎರಡು ಭಾಷೆಯ ದೊಡ್ಡಮನೆಯ ಹೆಸರು. ಮುಂದಿನದನ್ನು ವಿವರಿಸಬೇಕಿಲ್ಲ. ಅದೇ ಬೇಸಿಗೆಯಲ್ಲಿ ಪೀಟರ್ ಮತ್ತು ಆಂಟನ್ ಸ್ಟಾಸ್ಟ್ನಿ ಎಂಬ ಸೋದರರು ಚೆಕೊಸ್ಲೊವಾಕಿಯಾದ ತಮ್ಮ ಕ್ಲಬ್ ತಂಡದೊಡನೆ ಆಸ್ಟ್ರಿಯಾಕ್ಕೆ ಬಂದಿದ್ದಾಗ ತಪ್ಪಿಸಿಕೊಂಡು ನಾರ್ಡೀಕ್ಸ್ ಸೇರಿದರು. ಅಲ್ಲಿಗೆ ನಮ್ಮ ನೆಮ್ಮದಿ ಮುಗಿಯಿತು.

1982ರಲ್ಲಿ ಮೊದಲ ಸಲ ನಾಕೌಟ್ ಸರಣಿಯಲ್ಲಿ ಎದುರಾದರು. ನಿರ್ಣಾಯಕ ಐದನೆಯ ಪಂದ್ಯ, ನಮ್ಮದೇ ಫೋರಂ ಕ್ರೀಡಾಂಗಣ. ಮೊದಲ ಗೋಲಿಗೇ ಆಟ ಮುಗಿಯುವ ಹೆಚ್ಚುವರಿ ಅವಧಿ ಶುರುವಾಗಿ 22ನೆಯ ಸೆಕೆಂಡಿಗೆ ಅವರ ಡೇಲ್ ಹಂಟರ್ ಗೋಲು ಹೊಡೆದ. ಕುರ್ಚಿಗೆ ಮರಳುತ್ತಿದ್ದವರು ಕೂರುವ ಮೊದಲೇ ಮನೆಗೆ ಹೊರಡಬೇಕಾಯಿತು.

1984ರ ಏಪ್ರಿಲ್ 20, ಗುಡ್ ಫ್ರೈಡೇ. ಎರಡನೆಯ ಅವಧಿ ಮುಗಿದ ಗಂಟೆಗೆ ಎರಡೂ ತಂಡಗಳು ಮಂಜುಗಡ್ಡೆಯ ಮೇಲೆ ಸೇರಿ ಬಡಿದಾಡಿಕೊಂಡವು. ಕ್ವಿಬೆಕ್‌ನ ಲೂಯಿ ಸ್ಲೈಗರ್ ಕೊಟ್ಟ ಏಟಿಗೆ ನಮ್ಮ ಜಾನ್ ಹಾಮೆಲ್ ಪ್ರಜ್ಞೆ ತಪ್ಪಿ ಬಿದ್ದ. ನಮ್ಮ ಮಾರಿಯೊ ಟ್ರೆಂಬ್ಲೆ ಪೀಟರ್ ಸ್ಟಾಸ್ಟ್ನಿಯ ಮೂಗು ಮುರಿದ. (ಈ ಟ್ರೆಂಬ್ಲೆಯನ್ನು ನೆನಪಿಟ್ಟುಕೊಳ್ಳಿ.) ಯಾರು ಯಾರು ಹೊರಗೆ ಎಂಬುದು ತಂಡಗಳಿಗೆ ತಿಳಿಯುವ ಮೊದಲೇ ಆಟಗಾರರು ಮೂರನೆಯ ಅವಧಿಗೆ ಮರಳಿ ಬಂದಿದ್ದರಿಂದ, ಹೊರಹಾಕಿಸಿಕೊಂಡವರೂ ಸೇರಿ ಇನ್ನೊಂದು ಸುತ್ತು ಬಡಿದಾಡಿದರು. ಡೇಲ್ ಹಂಟರ್ ಅವರ ಕಡೆ, ಅವನ ಒಡಹುಟ್ಟಿದ ಮಾರ್ಕ್ ಹಂಟರ್ ನಮ್ಮ ಕಡೆ. ದಾಯಾದಿ ಎಂಬ ಮಾತನ್ನು ನಾನು ಉಪಮೆಗಾಗಿ ಬಳಸುತ್ತಿಲ್ಲ. ಒಟ್ಟು 11 ಮಂದಿ ಆಟದಿಂದ ಹೊರಕ್ಕೆ; ತಪ್ಪಿಗೆ ದಂಡವಾಗಿ ಹೊರಗೆ ಕೂರಿಸುವ ಹೊತ್ತು ಎಲ್ಲರದೂ ಸೇರಿ 252 ನಿಮಿಷ. ಅಷ್ಟೆಲ್ಲ ಆದ ಮೇಲೆ ನಾವು 0–2ರ ಹಿನ್ನಡೆಯಿಂದ ಎದ್ದು 5–3ರಲ್ಲಿ ಗೆದ್ದು ಸರಣಿ ಮುಗಿಸಿದೆವು. ‘ನಾವು’ ಎಂದೆ. ಆಗ ನಾನು ಚನ್ನಗಿರಿಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ.

1985ರಲ್ಲಿ ಸ್ಟಾಸ್ಟ್ನಿ ಮೂಗಿನ ಸೇಡು ತೀರಿಸಿಕೊಂಡ: ಏಳನೆಯ ಪಂದ್ಯ, ಮತ್ತೆ ಫೋರಂ, ಮತ್ತೆ ಹೆಚ್ಚುವರಿ ಅವಧಿ, ಅವನದೇ ಗೋಲು.

ಇನ್ನು 1987. ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು.

ಕೆಲವು ವರ್ಷಗಳ ಹಿಂದೆ ಕ್ವಿಬೆಕ್ ನಗರದವಳಾದ ಸಹೋದ್ಯೋಗಿಯೊಬ್ಬಳು ಚಳಿಗಾಲದ ರಜೆಯಲ್ಲಿ ತನ್ನ ತಂದೆಯ ಮನೆಗೆ ಊಟಕ್ಕೆ ಕರೆದೊಯ್ದಳು. ಎಪ್ಪತ್ತು ದಾಟಿದವರು, ಹೆಚ್ಚು ಮಾತಿಲ್ಲ. ನನ್ನೊಬ್ಬನಿಗಾಗಿ ಮಾಂಸವಿಲ್ಲದ ಸಾರು, ಬೇಯಿಸಿದ ಆಲೂಗೆಡ್ಡೆ ಮಾಡಿಸಿದ್ದರು. ಮಾತಿಗೆ ಏನಾದರೂ ಬೇಕಲ್ಲ ಎಂದು ನನ್ನ ಹರಕು ಫ್ರೆಂಚ್‌ನಲ್ಲಿ ಕೇಳಿದೆ: ‘ಅಲ್ಲಾ, ನಿಮ್ಮ ಆಟಗಾರ ಅಲೆನ್ ಕೋಟೆ ಹೊಡೆದ ಆ ಗೋಲನ್ನು ನೀವು ಇನ್ನೂ ಮರೆತಿಲ್ಲವಂತೆ, ನಿಜವೇ?’

ಹೌದು, ಫ್ರೆಂಚ್‌ನಲ್ಲೂ ‘ಅಲ್ಲಾ’ ಇದೆ. ಹುಡುಕಿಕೊಂಡು ಹೋಗಿ ಅದನ್ನೇ ಬಳಸಿದ್ದೆ.

ಅವರು ಚಮಚ ಕೆಳಗಿಟ್ಟರು. ಎದ್ದು ಹೋಗಿ ಒಂದು ವಿಡಿಯೊ ಕ್ಯಾಸೆಟ್ ತಂದರು. ಮಗಳು ತಲೆಯ ಮೇಲೆ ಕೈಯಿಟ್ಟುಕೊಂಡಳು. 1987ರ ಏಪ್ರಿಲ್, ಐದನೆಯ ಪಂದ್ಯ, ಸರಣಿ 2–2, ಆಟವೂ 2–2, ಉಳಿದಿರುವುದು ಮೂರು ನಿಮಿಷಕ್ಕೂ ಕಡಿಮೆ. ಕೋಟೆ ಗೋಲು ಹೊಡೆಯುತ್ತಾನೆ. ತೀರ್ಪುಗಾರ ಕೆರಿ ಫ್ರೇಸರ್ ಎರಡೂ ಕೈ ಬೀಸಿ ಇಲ್ಲವೆನ್ನುತ್ತಾನೆ. ಗೋಲಿನ ಮುಂದೆ ತಳ್ಳಾಟ ನಡೆಯಿತು, ತಪ್ಪು ಕ್ವಿಬೆಕ್‌ನದು ಎಂದು. ಸ್ವಲ್ಪ ಹೊತ್ತಿಗೆ ನಮ್ಮ ರಯಾನ್ ವಾಲ್ಟರ್ ಹೊಡೆದು ಪಂದ್ಯ 3–2. ಮುಂದೆ ಏಳು ಪಂದ್ಯಗಳಲ್ಲಿ ಸರಣಿಯೂ ನಮ್ಮದು. ಆ ಮುದುಕರು ಟೇಪನ್ನು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಓಡಿಸಿ, ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಆ ಜಾಗದಲ್ಲಿ ಟೇಪು ಸವೆದು ಚಿತ್ರವೆಲ್ಲ ಗೆರೆಗೆರೆ. ಯಾರು ಯಾರನ್ನು ತಳ್ಳಿದರೆಂದು ದೇವರಿಗೂ ಕಾಣುತ್ತಿರಲಿಲ್ಲ. ನಾನು ‘ಕಂಡಿತು’ ಎಂದೆ. ಸಾರು ಆರಿಹೋಗಿತ್ತು. ಕ್ಯಾಸೆಟ್ ಹೊರತೆಗೆಯುವ ಮುನ್ನ ಅವರು ಅದನ್ನು ಮೊದಲಿಗೆ ಸುತ್ತಲಿಲ್ಲ. ಗೋಲಿಗೆ ತುಸು ಮುಂಚೆ ನಿಲ್ಲಿಸಿ ಹಾಗೆಯೇ ಡಬ್ಬಿಗೆ ಹಾಕಿದರು.

ಆಮೇಲೆ ಕೂತು, ಬಹಳ ಮರ್ಯಾದೆಯಿಂದ, ಒಂದೇ ಒಂದು ಪ್ರಶ್ನೆ ಕೇಳಿದರು: ‘ನಾವು ಹೋದ ಮೇಲೆ ನೀವು ಎಷ್ಟು ಸಲ ಕಪ್ ಗೆದ್ದಿರಿ?’

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು. ನಂಟರಲ್ಲಿ, ಕನ್ನಡ ಸಂಘದಲ್ಲಿ, ಕಚೇರಿಯಲ್ಲಿ ಯಾರೂ ಕೇಳದ್ದು.

ಉತ್ತರ ಸೊನ್ನೆ. ನಮ್ಮ ಕೊನೆಯ ಕಪ್ 1993ರದ್ದು. ಆ ವರ್ಷ ಮೊದಲ ಸುತ್ತಿನ ಎದುರಾಳಿ ಯಾರೆಂದುಕೊಂಡಿರಿ? ನಾರ್ಡೀಕ್ಸ್. ಅವರು ಮೊದಲ ಎರಡೂ ಪಂದ್ಯ ಗೆದ್ದು ನಮ್ಮ ಉಸಿರು ಹಿಡಿದರು. ಆಮೇಲೆ ನಾವು ಸಾಲಾಗಿ ನಾಲ್ಕು ಗೆದ್ದೆವು. ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ಬಂಡೆಯಂತೆ ನಿಂತ. ಆ ಓಟದಲ್ಲಿ ಒಂದಾದ ಮೇಲೊಂದರಂತೆ ಹತ್ತು ಪಂದ್ಯಗಳನ್ನು ಹೆಚ್ಚುವರಿ ಅವಧಿಯಲ್ಲಿ ಗೆದ್ದು ಕಪ್ ಎತ್ತಿದರು. ಐದು ಸರಣಿಗಳಲ್ಲಿ ಮೂರು ನಮಗೆ, ಎರಡು ಅವರಿಗೆ. ಎರಡು ವರ್ಷಗಳ ನಂತರ ಅವರು ಇಲ್ಲ. ಆಟಗಾರರ ಸಂಬಳ ಅಮೆರಿಕದ ಡಾಲರಿನಲ್ಲಿ, ಟಿಕೆಟ್ಟಿನ ದುಡ್ಡು ಬಡಕಲು ಕೆನಡಾ ಡಾಲರಿನಲ್ಲಿ, ಊರು ಚಿಕ್ಕದು, ಕ್ರೀಡಾಂಗಣ ಹಳೆಯದು. ಪ್ರಾಂತ್ಯದ ಸರ್ಕಾರದೊಡನೆ ಮಾತುಕತೆಯೂ ಮುರಿದುಬಿತ್ತು.

ಈಗ ಟ್ರೆಂಬ್ಲೆಯನ್ನು ನೆನಪಿಸಿಕೊಳ್ಳಿ. 1995ರ ಡಿಸೆಂಬರ್ ಹೊತ್ತಿಗೆ ಅವನೇ ನಮ್ಮ ಕೋಚ್. ಡಿಸೆಂಬರ್ 2ರಂದು ಡೆಟ್ರಾಯ್ಟ್ ನಮ್ಮ ಊರಿನಲ್ಲೇ ನಮ್ಮನ್ನು 11–1ರಿಂದ ಚಚ್ಚಿತು. ಒಂಬತ್ತು ಗೋಲು ಬಿಡುವವರೆಗೂ ಟ್ರೆಂಬ್ಲೆ ರುವಾನನ್ನು ಹೊರಗೆ ಕರೆಯಲಿಲ್ಲ. ಕೊನೆಗೆ ಹೊರಬಂದ ರುವಾ ನೇರ ನಡೆದುಹೋಗಿ, ಹಿಂದೆ ಕೂತಿದ್ದ ತಂಡದ ಅಧ್ಯಕ್ಷ ರೊನಾಲ್ಡ್ ಕೋರಿಗೆ ಇದೇ ಮಾಂಟ್ರಿಯಲ್‌ನಲ್ಲಿ ತನ್ನ ಕೊನೆಯ ಪಂದ್ಯ ಎಂದ. ನಾಲ್ಕು ದಿನಗಳಲ್ಲಿ ಅವನನ್ನು ಬೇರೆ ತಂಡಕ್ಕೆ ದಾಟಿಸಿದರು. ಯಾವ ತಂಡಕ್ಕೆ? ಕೊಲರಾಡೊಗೆ. ಅಂದರೆ ವೇಷ ಬದಲಿಸಿದ ನಾರ್ಡೀಕ್ಸ್‌ಗೆ. 1996ರ ಜೂನ್‌ನಲ್ಲಿ ಅವರು ಕಪ್ ಗೆದ್ದರು.

ಕ್ವಿಬೆಕ್ ನಗರದಲ್ಲೇ ಹುಟ್ಟಿದ ರುವಾನನ್ನು, ನಾರ್ಡೀಕ್ಸ್ ಅಲ್ಲೇ ಇದ್ದಿದ್ದರೆ, ನಮ್ಮವರು ಅಲ್ಲಿಗೆ ಕೊಡುತ್ತಿದ್ದರೇ? ಕೊಟ್ಟು ಬೀದಿಗೆ ಇಳಿಯುತ್ತಿದ್ದರೇ? ಪಕ್ಕದ ಮನೆಯವನು ನೋಡುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಅಂಗಳ ಗುಡಿಸುವವರಿರುತ್ತಾರೆ. ಅವನು ಮನೆ ಮಾರಿ ಹೋದ ಆರು ತಿಂಗಳಲ್ಲೇ ನಾವು ಮನೆಯ ಕಂಬವನ್ನೇ ಕಿತ್ತುಕೊಟ್ಟೆವು. ಭಾವನವರೇ, ನನ್ನ ಸಿಟ್ಟು ಯಾರ ಮೇಲೆ ಎಂದಿರಲ್ಲ?

ಕ್ವಿಬೆಕ್ ನಗರದವರು 2015ರಲ್ಲಿ 18,000ಕ್ಕೂ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣ ಕಟ್ಟಿಟ್ಟು ಕಾದರು. ಮರುವರ್ಷ ಲೀಗು ಹೊಸ ತಂಡ ಕೊಟ್ಟದ್ದು ಮರುಭೂಮಿಯ ಲಾಸ್ ವೇಗಸ್‌ಗೆ.

2020–21ರ ಋತುವಿನಲ್ಲಿ ಕೊಲರಾಡೊದವರು ಹಳೆಯ ನಾರ್ಡೀಕ್ಸ್ ಅಂಗಿಯನ್ನು ತಮ್ಮ ಬಣ್ಣಗಳಲ್ಲಿ ಹೊಲಿಸಿ ತೊಟ್ಟು ಆಡಿದರು. ಆ ಗುರುತು, ಆ ಲಿಲಿ ಹೂವು. ಟಿವಿಯಲ್ಲಿ ನೋಡಿ ನನಗೆ ಮೈಯುರಿಯಿತು. ನಮ್ಮ ವೈರಿಯ ಬಟ್ಟೆ ತೊಡಲು ಇವರ್ಯಾರು? ರಾತ್ರಿಯೇ ಸಹೋದ್ಯೋಗಿಗೆ ಫೋನ್ ಮಾಡಿ, ನಿಮ್ಮ ತಂದೆ ನೋಡಿದರೇ ಎಂದು ಕೇಳಿದೆ.

ನೋಡಿದರಂತೆ. ಎರಡು ನಿಮಿಷ ನೋಡಿ, ಟಿವಿ ಆರಿಸಿ, ಕ್ಯಾಸೆಟ್ ಹಾಕಿಕೊಂಡು ಕೂತಿದ್ದರಂತೆ.