ಬಾಲಿಯ ಅಮೆಡ್‌ನಲ್ಲಿ ಜಾಗ ತಗೊಳ್ಳಬಹುದಾ?

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಈ ಪ್ರಶ್ನೆ ಬರುತ್ತದೆ. "ನೀವು ಪ್ರತಿ ವರ್ಷ ಬಾಲಿಯಲ್ಲಿ ಒಂದು ಹಳ್ಳಿಗೆ ಹೋಗ್ತೀರಲ್ಲ, ಅಲ್ಲಿ ಸಮುದ್ರದ ಹತ್ತಿರ ಒಂದು ಹತ್ತು ಗುಂಟೆ ಸಿಗುತ್ತಾ? ಸಣ್ಣ ಮನೆ ಕಟ್ಟಿ, ನಾವಿಲ್ಲದಾಗ ಬಾಡಿಗೆಗೆ ಬಿಟ್ಟರೆ ಹೇಗೆ?" 2024ರಲ್ಲಿ ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾದ ಮೇಲಂತೂ ಕೇಳುವವರು ಜಾಸ್ತಿಯಾಗಿದ್ದಾರೆ. ಪ್ರತಿಯೊಬ್ಬರಿಗೂ ಅರ್ಧಂಬರ್ಧ ಉತ್ತರ ಕೊಟ್ಟು ಬಂದಿದ್ದೇನೆ. ಇವತ್ತು ಪೂರ್ತಿ ಬರೆಯುತ್ತೇನೆ.

ಅಮೆಡ್ ಇರುವುದು ಬಾಲಿಯ ಪೂರ್ವ ತುದಿಯಲ್ಲಿ, ಕರಂಗಾಸೆಮ್ ಜಿಲ್ಲೆಯಲ್ಲಿ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ಒಂದೇ ಊರು ಅಂತ ನಾವು ಹೇಳುತ್ತೇವೆ, ಆದರೆ ಅದು ಅಮೆಡ್, ಜೆಮೆಲುಕ್, ಬುನುತಾನ್, ಲಿಪಾ, ಬನ್ಯುನಿಂಗ್ ಅಂತ ಕಡಲಿಗೆ ಅಂಟಿಕೊಂಡ ಹಳ್ಳಿಗಳ ಸಾಲು. ಮರಳು ಕಪ್ಪು. ಬೆನ್ನ ಹಿಂದೆ ಅಗುಂಗ್ ಪರ್ವತ. ಬೆಳಗಿನ ಜಾವ ಹೊರಟ ಜುಕುಂಗ್ ದೋಣಿಗಳು ಬಿಸಿಲೇರುವಾಗ ತ್ರಿಕೋನದ ಹಾಯಿ ಬಿಚ್ಚಿಕೊಂಡು ಮೀನು ತುಂಬಿಕೊಂಡು ಬರುತ್ತವೆ. ದೋಣಿಯನ್ನು ದಡಕ್ಕೆ ಎಳೆಯಲು ಅಕ್ಕಪಕ್ಕದವರೆಲ್ಲ ಕೈ ಹಾಕುತ್ತಾರೆ. ನಾನು ಮೊದಲು ಹೋಗಿದ್ದು ಡೈವಿಂಗ್ ಕಲಿಯಲು. ಈಗ ವರ್ಷಕ್ಕೆ ಎರಡು ತಿಂಗಳು ಅಲ್ಲೇ ಇರುತ್ತೇನೆ. ಅಲ್ಲಿ ಇಳಿದ ಮೇಲೆ ಕೊಡುವ ವೀಸಾದಲ್ಲಿ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಮೊದಲು ಸಿಗುವುದು 30 ದಿನ, ಒಂದು ಸಲ ವಿಸ್ತರಿಸಿದರೆ ಇನ್ನು 30 ದಿನ.

ಈಗ ಉತ್ತರ. ಜಾಗ ಕೊಳ್ಳಲು ಆಗುವುದಿಲ್ಲ. ಇಂಡೋನೇಷ್ಯಾದ 1960ರ ಭೂ ಕಾಯ್ದೆಯಲ್ಲಿ ಪೂರ್ಣ ಒಡೆತನಕ್ಕೆ 'ಹಕ್ ಮಿಲಿಕ್' ಅನ್ನುತ್ತಾರೆ. ಅದು ಆ ದೇಶದ ನಾಗರಿಕರಿಗೆ ಮಾತ್ರ. ಹೊರಗಿನವರ ಹೆಸರಿಗೆ ಬರೆದುಕೊಟ್ಟರೆ ಆ ವ್ಯವಹಾರವೇ ಅನೂರ್ಜಿತ. ಜಾಗ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣವನ್ನು ವಾಪಸ್ ಕೇಳುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ.

"ಹಾಗಾದ್ರೆ ಅಲ್ಲಿಯವರ ಹೆಸರಲ್ಲಿ ತಗೊಂಡ್ರಾಯ್ತು" ಅಂತ ಹೇಳಲು ದಲ್ಲಾಳಿಗಳು ಸಿದ್ಧರಿದ್ದಾರೆ. ದಯವಿಟ್ಟು ಬೇಡ. ಹಣ ನಿಮ್ಮದು, ಪತ್ರ ಇನ್ನೊಬ್ಬರದು. ಆ ಇನ್ನೊಬ್ಬರು ಎಷ್ಟೇ ಒಳ್ಳೆಯವರಿರಲಿ, ನಾಳೆ ಅವರು ತೀರಿಕೊಂಡರೆ ಮಕ್ಕಳಿಗೆ ನೀವು ಯಾರು? ಇಂಥ ಒಪ್ಪಂದವನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಲೂ ಧೈರ್ಯ ಬರುವುದಿಲ್ಲ. ಕಾನೂನು ತಪ್ಪಿಸಲು ಮಾಡಿಕೊಂಡ ಕಾಗದ ಅದು.

ಸರಿಯಾದ ದಾರಿಗಳೂ ಇವೆ. ಕಂಪನಿ ಮಾಡಿ ಅದರ ಹೆಸರಲ್ಲಿ ಕಟ್ಟಡ ಕಟ್ಟಿಕೊಳ್ಳುವ ಹಕ್ಕು ಪಡೆಯಬಹುದು. ಆದರೆ ವಿದೇಶಿ ಹೂಡಿಕೆಯ ಕಂಪನಿಗೆ ಸಾಮಾನ್ಯವಾಗಿ ಜಾಗ ಮತ್ತು ಕಟ್ಟಡದ ಬೆಲೆ ಬಿಟ್ಟು 1000 ಕೋಟಿ ರುಪಿಯಾಕ್ಕೂ ಮೇಲಿನ ಯೋಜನೆ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಸುಮಾರು ಐದು ಕೋಟಿ ರೂಪಾಯಿ. ಅಲ್ಲಿ ವಾಸದ ಪರವಾನಗಿ ಇದ್ದವರಿಗೆ 'ಹಕ್ ಪಕಾಯ್' ಅನ್ನುವ ಬಳಕೆಯ ಹಕ್ಕು ಇದೆ. ಮೊದಲು 30 ವರ್ಷ, ಆಮೇಲೆ 20, ಆಮೇಲೆ 30. ಎರಡು ತಿಂಗಳು ಇದ್ದು ಬರುವವರಿಗೆ ಇವೆರಡೂ ಹೊಂದುವುದಿಲ್ಲ. ಉಳಿಯುವುದು ಲೀಸ್. ಸಾಮಾನ್ಯವಾಗಿ 25ರಿಂದ 30 ವರ್ಷಕ್ಕೆ ಮಾಡುತ್ತಾರೆ.

ಇಲ್ಲಿ ನಮ್ಮವರು ಎಡವುತ್ತಾರೆ. ಬೆಂಗಳೂರಲ್ಲಿ ಮನೆ ಲೀಸಿಗೆ ಹಾಕಿಕೊಳ್ಳುವುದು ಅಂದರೆ ಒಂದಿಷ್ಟು ಲಕ್ಷ ಕೊಡುವುದು, ಖಾಲಿ ಮಾಡುವಾಗ ಅದನ್ನು ವಾಪಸ್ ಪಡೆಯುವುದು. ಅಲ್ಲಿ ಹಾಗಲ್ಲ. ಅಷ್ಟೂ ವರ್ಷದ ಬಾಡಿಗೆಯನ್ನು ಸಾಮಾನ್ಯವಾಗಿ ಒಂದೇ ಸಲ ಮುಂಗಡ ಕೊಡಬೇಕು, ಅದು ಹೋಯಿತು ಅಂತಲೇ ಲೆಕ್ಕ. ಅವಧಿ ಮುಗಿದ ಮೇಲೆ ನೀವು ಕಟ್ಟಿದ ಮನೆಯೂ ಸಾಮಾನ್ಯವಾಗಿ ಜಾಗದ ಒಡೆಯರಿಗೇ. ನಮ್ಮ ಕರಾವಳಿಯ ಹಳಬರಿಗೆ ಬೇಗ ಅರ್ಥವಾಗುವ ಹಾಗೆ ಹೇಳಬೇಕು ಅಂದರೆ, ಇದು ತಲೆತಲಾಂತರ ನಡೆಯುವ ಮೂಲಗೇಣಿ ಅಲ್ಲ, ಅವಧಿ ಮುಗಿದರೆ ಬಿಡಬೇಕಾದ ವಾಯಿದೆಗೇಣಿ. 25 ವರ್ಷದ ಲೀಸನ್ನು ಹತ್ತು ವರ್ಷ ಬಿಟ್ಟು ಮಾರಲು ಹೊರಟರೆ ನಿಮ್ಮ ಕೈಯಲ್ಲಿ ಇರುವುದು 15 ವರ್ಷ. ನಮ್ಮ ಸೈಟಿನ ಹಾಗೆ ಸುಮ್ನೆ ಇಟ್ಟರೆ ಬೆಲೆ ಏರುತ್ತದೆ ಅನ್ನುವ ಅಂದಾಜು ಇಲ್ಲಿ ನಡೆಯುವುದಿಲ್ಲ.

ಅಳತೆ ಮಾತ್ರ ನಮಗೆ ಸುಲಭ. ಅಲ್ಲಿ ಜಾಗವನ್ನು 'ಆರೆ' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಆರೆ ಅಂದರೆ 100 ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ.

ನನಗೆ ನಿಜವಾಗಿ ಹೇಳಬೇಕಾಗಿರುವುದು ಕಾನೂನಿನ ಆಚೆಗಿನದು. ನಾನು ಗೋಕರ್ಣದ ಪಕ್ಕದವನು. ಸಾಣಿಕಟ್ಟೆಯ ಉಪ್ಪಿನ ಆಗರ ನೋಡುತ್ತಾ ಬೆಳೆದೆ. ಅಮೆಡ್‌ನಲ್ಲಿ ಮೊದಲ ಬೆಳಿಗ್ಗೆ ನಡೆದು ಹೋಗುವಾಗ ಉಪ್ಪು ಕಂಡಿತು, ಕಾಲು ನಿಂತುಬಿಟ್ಟಿತು. ನಮ್ಮಲ್ಲಿ ಗದ್ದೆಗೆ ಉಪ್ಪುನೀರು ಬಿಟ್ಟು ಒಣಗಿಸುತ್ತಾರೆ. ಅಲ್ಲಿ ಸಮುದ್ರದ ನೀರನ್ನು ಹೊತ್ತು ತಂದು ಹದ ಮಾಡಿದ ಮಣ್ಣಿನ ಮೇಲೆ ಚೆಲ್ಲುತ್ತಾರೆ. ಮಣ್ಣು ಒಣಗಿದ ಮೇಲೆ ಕೆರೆದು, ಲಾಳಿಕೆಯ ಹಾಗೆ ಕೆಳಗೆ ಕಿರಿದಾಗುವ ದೊಡ್ಡ ಬುಟ್ಟಿಗೆ ತುಂಬಿ, ಮತ್ತೆ ನೀರು ಹೊಯ್ಯುತ್ತಾರೆ. ಕೆಳಗೆ ಇಳಿಯುವ ದಪ್ಪ ಉಪ್ಪುನೀರನ್ನು ಸೀಳಿದ ತೆಂಗಿನ ಕಾಂಡದ ದೋಣಿಗಳಲ್ಲಿ ಬಿಸಿಲಿಗೆ ಇಡುತ್ತಾರೆ. ಆ ದೋಣಿಗೆ 'ಪಲುಂಗಾನ್' ಅನ್ನುತ್ತಾರೆ. ಆ ಉಪ್ಪಿಗೆ ಊರಿನ ಹೆಸರಿನ ಮೇಲೆ ಸಿಗುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ.

ನಾನು ಉಳಿದುಕೊಳ್ಳುವ ಮನೆಯ ಅಮ್ಮ ಉಪ್ಪು ಮಾಡುವವರು. ಎಲ್ಲರೂ ಅವರನ್ನು ಇಬು ಅಂತ ಕರೆಯುತ್ತಾರೆ, ನಾನೂ ಹಾಗೇ. ಉಪ್ಪು ಮಾಡಲು ಬೇಕಾಗುವುದು ಸಮುದ್ರಕ್ಕೆ ತಾಗಿದ, ಸಮತಟ್ಟಾದ, ಬಿಸಿಲು ಬೀಳುವ ಜಾಗ. ನಾವು ಮನೆ ಕಟ್ಟಲು ಕೇಳುವುದೂ ಅದೇ ಜಾಗ, ಅಲ್ವಾ? ಇಬು ಅವರ ಮೈದುನ ತನ್ನ ಪಾಲನ್ನು ಹೋಟೆಲಿಗೆ ಲೀಸಿಗೆ ಕೊಟ್ಟ. ತಪ್ಪು ಅಂತ ನಾನು ಹೇಳಲಾರೆ. ಮಗಳನ್ನು ಓದಿಸಬೇಕಿತ್ತು, ಉಪ್ಪಿನಿಂದ ಅಷ್ಟು ಹಣ ಹುಟ್ಟುವುದಿಲ್ಲ. ಆದರೆ ಗೋಡೆ ಎದ್ದ ಮೇಲೆ ಇಬು ಸಮುದ್ರದ ನೀರು ತರಲು ಸುತ್ತು ಹಾಕಿ ಹೋಗಬೇಕಾಯಿತು. ಎರಡು ಕೊಡ ಹೊತ್ತು, ಅರವತ್ತು ದಾಟಿದ ವಯಸ್ಸಿನಲ್ಲಿ. ಜಾಗ ಕೇಳಿದವರಿಗೆಲ್ಲ ನಾನು ಇದನ್ನು ಹೇಳುತ್ತೇನೆ, ಯಾಕೆಂದರೆ ದಲ್ಲಾಳಿ ತೋರಿಸುವ ಫೋಟೋದಲ್ಲಿ ಆ ಸುತ್ತು ದಾರಿ ಕಾಣುವುದಿಲ್ಲ.

ದಾರಿಯ ಮಾತು ಬಂತು. ನನ್ನ ಪರಿಚಯದವರೊಬ್ಬರು ಗುಡ್ಡದ ಮೇಲೆ ಆರು ಆರೆ ಜಾಗ ಲೀಸಿಗೆ ತಗೊಂಡರು. ಪತ್ರ ಸರಿ, ಒಡೆಯರು ಸರಿ. ಆದರೆ ಜಾಗಕ್ಕೆ ಹೋಗುವ ದಾರಿ ಆ ಒಡೆಯರ ಅಣ್ಣನ ಪಾಲಿಗೆ ಸೇರಿದ್ದು. ಅವರ ಸಹಿ ಯಾರೂ ಕೇಳಿರಲಿಲ್ಲ. ಇಟ್ಟಿಗೆ ಲಾರಿ ಬಂದ ದಿನ ಗೊತ್ತಾಯಿತು. ಪಾಲಿನ ಆಸ್ತಿಯ ಕಷ್ಟ ನಮಗೇನು ಹೊಸದಲ್ಲ. ಊರಲ್ಲಿ ಆಗಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಅಲ್ಲಿ ಮರೆತಿದ್ದರು. ಇನ್ನು ಕೆಲವು ಜಾಗ ಮನೆತನದ್ದಲ್ಲ, ಊರಿನದ್ದು. 'ದೇಸ ಅದತ್' ಅನ್ನುವ ಸಾಂಪ್ರದಾಯಿಕ ಹಳ್ಳಿಗೆ ಸೇರಿದ ನೆಲದ ಮೇಲೆ ಮನೆತನದವರಿಗೆ ಇರುವುದು ಅಲ್ಲಿ ವಾಸಿಸುವ ಹಕ್ಕು ಮಾತ್ರ, ಊರಿಗೆ ಸೇವೆ ಸಲ್ಲಿಸುವ ಷರತ್ತಿನ ಮೇಲೆ. ಸಮುದ್ರದ ಅಂಚಿಗೂ ನಿಯಮವಿದೆ. ಭರತದ (ಉಬ್ಬರದ) ಗೆರೆಯಿಂದ ಸಾಮಾನ್ಯವಾಗಿ ಕನಿಷ್ಠ 100 ಮೀಟರ್ ಬಿಡಬೇಕು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಪಕ್ಕದವರು ದಡದಲ್ಲೇ ಕಟ್ಟಿದ್ದಾರಲ್ಲ" ಅನ್ನುವ ಮಾತನ್ನು ನಂಬಬೇಡಿ.

ಮತ್ತೆ ನೀರು. ಬಾಲಿ ಅಂದರೆ ಹಸಿರು ಗದ್ದೆ ಅಂದುಕೊಂಡು ಹೋಗುವವರಿಗೆ ಈ ಕಡೆಯ ಗುಡ್ಡ ನೋಡಿ ಆಶ್ಚರ್ಯವಾಗುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಎಲ್ಲ ಕಂದು ಬಣ್ಣ. ತಾಳೆ ಮರ ಜಾಸ್ತಿ, ಗದ್ದೆ ಕಡಿಮೆ. ಈಜುಕೊಳ ಇರುವ ಮನೆ ಅಂತ ಪ್ಲಾನ್ ಹಾಕುವವರು ಸೆಪ್ಟೆಂಬರಿನಲ್ಲಿ ಒಂದು ವಾರ ಅಲ್ಲಿ ಇದ್ದು ನೋಡಬೇಕು.

ಅಗುಂಗ್ ಬಗ್ಗೆ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ 1963ರಲ್ಲಿ ಅದು ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ತುಲಂಬೆನ್ ದಡದಲ್ಲಿ 1942ರಿಂದ ಬಿದ್ದಿದ್ದ ಅಮೆರಿಕದ ಲಿಬರ್ಟಿ ಹಡಗು ಆಗಲೇ ನೀರಿಗೆ ಜಾರಿದ್ದು. ನಾವು ಡೈವ್ ಮಾಡಿ ನೋಡುವುದು ಅದನ್ನೇ. 2017ರಲ್ಲಿ ಮತ್ತೆ ಎಚ್ಚರವಾಯಿತು, ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು, ವಿಮಾನ ನಿಂತವು. ಬಾಡಿಗೆಯ ಆದಾಯ ನಂಬಿ ಲೆಕ್ಕ ಹಾಕುವವರು ಇಂಥ ವರ್ಷಗಳನ್ನೂ ಸೇರಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ "ನೀವ್ಯಾಕೆ ಹೋಗ್ತೀರಿ?" ಅಂತ ಕೇಳುತ್ತಾರೆ. ಆ ಊರು ನನಗೆ ತುಂಬಾ ಇಷ್ಟ, ಅದಕ್ಕೆ. ಸಾವಿಗೂ ಹಬ್ಬಕ್ಕೂ ಬಂಜಾರ್ ಪೂರ್ತಿ ಸೇರುತ್ತದೆ. ಬಂಜಾರ್ ಅಂದರೆ ನಮ್ಮ ಕೇರಿಯ ಹಾಗೆ, ಆದರೆ ಸದಸ್ಯತ್ವ, ಕರ್ತವ್ಯ, ತಪ್ಪಿದರೆ ದಂಡ ಎಲ್ಲ ಇರುವ ಕೇರಿ. ಅಲ್ಲಿ ಇರುವುದು ಅಂದರೆ ಅದರೊಳಗೆ ಇರುವುದು. ನ್ಯೆಪಿ ಹಬ್ಬದ ದಿನ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ, ದೀಪ ಹಚ್ಚುವುದಿಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಒಂದು ಸಲ ಆ ರಾತ್ರಿ ಅಂಗಳದಲ್ಲಿ ಕೂತು ನಕ್ಷತ್ರ ನೋಡಿದ್ದೇನೆ. ಅಲೆಯ ಸದ್ದು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಹಾಗಾಗಿ ಕೇಳುವವರಿಗೆ ನನ್ನ ಮಾತು ಇಷ್ಟು. ಮೊದಲು ತಿಂಗಳ ಬಾಡಿಗೆಗೆ ಮನೆ ಹಿಡಿಯಿರಿ. ಒಮ್ಮೆ ಮಳೆಯಿಲ್ಲದ ಸೆಪ್ಟೆಂಬರಿನಲ್ಲಿ, ಒಮ್ಮೆ ಜನವರಿಯ ಮಳೆಯಲ್ಲಿ ಇರಿ. ಆಮೇಲೂ ಲೀಸ್ ಬೇಕು ಅನ್ನಿಸಿದರೆ ಸಮುದ್ರದಿಂದ ಹಿಂದೆ, ರಸ್ತೆಯ ಮೇಲ್ಬದಿಯಲ್ಲಿ ಜಾಗ ನೋಡಿ. ಪತ್ರ ಮಾಡಿಕೊಡುವ ನೋಟರಿಯನ್ನು ನೀವೇ ಗೊತ್ತುಮಾಡಿಕೊಳ್ಳಿ, ದಲ್ಲಾಳಿ ಹೇಳಿದವರು ಬೇಡ. ಮೂಲಪತ್ರವನ್ನು ಭೂ ಕಚೇರಿಯಲ್ಲಿ ಪರೀಕ್ಷಿಸಿ. ಮನೆತನದ ಎಲ್ಲರ ಸಹಿ ಕೇಳಿ, ಬಂಜಾರ್ ಮುಖ್ಯಸ್ಥರನ್ನು ಕಂಡು ಮಾತಾಡಿ.

ಜುಲೈ, ಆಗಸ್ಟಿನಲ್ಲಿ ನಾನು ಅಲ್ಲೇ ಇರುತ್ತೇನೆ. ಅದು ಉಪ್ಪಿನ ಕಾಲ. ಬಂದರೆ ಇಬು ಅವರ ಕೊಡ ಹೊರಲು ಕೈ ಜೋಡಿಸಿ, ಬೆಳಿಗ್ಗೆ ಆರಕ್ಕೆ.